ಒಂದು ಶುಕ್ರವಾರದ ಉಪವಾಸ

ಇನ್ಸುಲಿನ್ ಬಾಟಲಿಯನ್ನು ಫ್ರಿಜ್ಜಿನ ಬಾಗಿಲಲ್ಲಿ ಇಡಬಾರದು. ಬಾಗಿಲು ತೆರೆದಾಗಲೆಲ್ಲ ಅಲ್ಲಿಯ ಉಷ್ಣತೆ ಏರಿಳಿಯುತ್ತದೆ. ತೀರ ಹಿಂದೆ ಸರಿಸಿದರೆ ಹೆಪ್ಪುಗಟ್ಟಿ ಕೆಡುವ ಭಯ. ಹೀಗಾಗಿ ಮಾರ್ಥಾ ಅದನ್ನು ನಡುವಿನ ಹಲಗೆಯ ಮೇಲೆ ಒಂದು ಸ್ಟೀಲ್ ಡಬ್ಬಿಯಲ್ಲಿ ಇಟ್ಟಿದ್ದಳು. ಮನೆಗೆ ಬಂದವರು ನೀರಿನ ಬಾಟಲಿ ತೆಗೆಯಲು ಹೋದರೆ, "ಆ ಡಬ್ಬಿ ಸರಸಬ್ಯಾಡ್ರಿ" ಎಂದು ಕೂತಲ್ಲಿಂದಲೇ ಹೇಳುತ್ತಿದ್ದಳು.

ಆ ಔಷಧಿ ಅವಳ ಮನೆಯವರದಲ್ಲ. ಎದುರುಮನೆಯ ಚನಮಲ್ಲಪ್ಪನ ಮಗಳು ವೈಶಾಲಿಯದು. ಮೂರನೆಯ ತರಗತಿಯಲ್ಲಿ ಓದುವ ಹುಡುಗಿ. ಒಂದು ಬೇಸಿಗೆಯಲ್ಲಿ ಇದ್ದಕ್ಕಿದ್ದಂತೆ ತೂಕ ಇಳಿದು, ಕೊಡಗಟ್ಟಲೆ ನೀರು ಕುಡಿಯತೊಡಗಿದಾಗ ಇದು ದೃಷ್ಟಿಯಲ್ಲ, ಸಕ್ಕರೆ ಕಾಯಿಲೆ ಇರಬಹುದು ಎಂದು ಮೊದಲು ಗುರುತಿಸಿ ಜಮಖಂಡಿಯ ಆಸ್ಪತ್ರೆಗೆ ಕಳಿಸಿದವಳೇ ಮಾರ್ಥಾ. ಅವಳು ಬನಹಟ್ಟಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಶಿಕ್ಷಕಿ. ಓಣಿಯವರೆಲ್ಲ ಅವಳನ್ನು ಅಕ್ಕಾವ್ರು ಎಂದೇ ಕರೆಯುತ್ತಿದ್ದರು.

ಚನಮಲ್ಲಪ್ಪ ಮನೆಯ ಮುಂಭಾಗದಲ್ಲೇ ಎರಡು ಪಾವರ್‌ಲೂಮ್ ಹಾಕಿಕೊಂಡು ಸೀರೆ ನೇಯುತ್ತಿದ್ದ. ಹೆಂಡತಿ ಬನಶಂಕರಿ ಅವನಿಗೆ ಲಾಳಿಯಲ್ಲಿ ಕೂಡುವ ಕಂಡಿಕೆಗೆ ನೂಲು ಸುತ್ತಿ ಕೊಡುತ್ತಿದ್ದಳು. ಆ ಮನೆಯಲ್ಲಿ ಫ್ರಿಜ್ ಇರಲಿಲ್ಲ. ಸೂಜಿ ಹಿಡಿಯುವ ಧೈರ್ಯವೂ ಯಾರಿಗೂ ಇರಲಿಲ್ಲ. ಬನಶಂಕರಿ ಒಮ್ಮೆ ಪ್ರಯತ್ನಿಸಿ, ಮಗಳ ತೊಡೆಯ ಮೇಲೆ ರಕ್ತದ ಹನಿ ಕಂಡು ಸಿರಿಂಜನ್ನು ಅಲ್ಲೇ ಬಿಟ್ಟು ಹೊರಗೆ ಓಡಿಹೋಗಿದ್ದಳು. ಅಂದಿನಿಂದ ಬೆಳಿಗ್ಗೆ ಮತ್ತು ಸಂಜೆ ವೈಶಾಲಿ ಮಾರ್ಥಾಳ ಮನೆಗೆ ಬರುವುದು ರೂಢಿಯಾಯಿತು. ಸೂಜಿ ಮಾಡಿಸಿಕೊಂಡು ಅಲ್ಲೇ ಅಡುಗೆಮನೆಯ ಕಟ್ಟೆಯ ಕೆಳಗೆ ಕೂತು ಅರ್ಧ ತಾಸು ಮಗ್ಗಿ ಬರೆಯುತ್ತಿದ್ದಳು. ಆಮೇಲೆ ತಾನೇ ತಂದಿದ್ದ ಡಬ್ಬಿ ಬಿಚ್ಚಿ ರೊಟ್ಟಿ ಪಲ್ಯ ತಿನ್ನುತ್ತಿದ್ದಳು. ಅವಳು ಕೊನೆಯ ತುತ್ತು ನುಂಗುವವರೆಗೆ ಮಾರ್ಥಾ ಮನೆಗೆ ಕಳಿಸುತ್ತಿರಲಿಲ್ಲ.

"ಅಕ್ಕಾವ್ರ, ನೀವು ಪೋಲೀಸರಕಿಂತ ಭಾಳ ಬಿಗಿ ಅದೀರಿ," ಎಂದು ಹುಡುಗಿ ಒಂದು ದಿನ ಹೇಳಿತ್ತು.

"ಪೋಲೀಸ್ರು ಬಿಟ್ರೂ ಈ ಔಷಧ ಬಿಡೂದಿಲ್ಲವ್ವಾ. ಒಳಗ ಹೋದ ಮ್ಯಾಗ ಅದು ತನ್ನ ಕೆಲಸಾ ಮಾಡೇ ಮಾಡ್ತೈತಿ. ಅದಕ್ಕ ತಿನ್ನಾಕ ನಾವು ಏನರ ಕೊಡಬೇಕು."

ಈ ಸೇವೆಯ ಬಗ್ಗೆ ಮಾರ್ಥಾ ಯಾರ ಎದುರೂ ಧರ್ಮದ ಮಾತು ಆಡಿದವಳಲ್ಲ. ರಬಕವಿ ಬನಹಟ್ಟಿ ಎರಡೂ ಕೂಡಿ ಅವರ ಕ್ರೈಸ್ತ ಸಭೆಯವರು ಐದೇ ಮನೆ. ಶುಕ್ರವಾರ ಸಂಜೆ ಐದೂ ಮನೆಯವರು ಮಾರ್ಥಾಳ ಹೊರಕೋಣೆಯಲ್ಲಿ ಕೂಡಿ ಪ್ರಾರ್ಥನೆ ಮಾಡುತ್ತಿದ್ದರು. ಕೆಲವರು ಅಂದು ಬೆಳಿಗ್ಗೆಯಿಂದ ಉಪವಾಸ ಇರುತ್ತಿದ್ದರು. ಓಣಿಗೆ ತೊಂದರೆಯಾಗಬಾರದೆಂದು ಹಾಡನ್ನು ಮೆಲುದನಿಯಲ್ಲಿ ಹಾಡುತ್ತಿದ್ದರು. ಹಾಗೆ ನೋಡಿದರೆ ಮಗ್ಗಗಳ ಸದ್ದಿನಲ್ಲಿ ಯಾರಿಗೂ ಅದು ಕೇಳಿಸುತ್ತಲೂ ಇರಲಿಲ್ಲ. ನೆರೆಯವರನ್ನು ಪ್ರೀತಿಸು ಎಂಬ ಮಾತಿಗೆ ವಿವರಣೆ ಬೇಕಿಲ್ಲ, ದಿನಕ್ಕೆರಡು ಸಲ ಬಾಗಿಲು ತೆರೆದರೆ ಸಾಕು ಎಂದು ಅವಳು ನಂಬಿದ್ದಳು.

ಆ ಗುರುವಾರ ಸಂಜೆ ಮಗಳ ಜೊತೆ ಬನಶಂಕರಿಯೂ ಬಂದಳು. ಹುಡುಗಿ ಒಳಗೆ ಉಣ್ಣುತ್ತಿರುವಾಗ ಅವಳು ಹೊರಕೋಣೆಯಲ್ಲಿ ಸೆರಗಿನ ತುದಿ ಹಿಂಡುತ್ತ ನಿಂತಳು. ಅವಳ ಅತ್ತೆ ಭಾಗವ್ವನಿಗೆ ಯಾರೋ ಮುಧೋಳದ ಆಚೆ ಒಬ್ಬ ನಾಟಿ ಔಷಧದವನಿದ್ದಾನೆ ಎಂದು ಹೇಳಿದ್ದರು. ಅವನು ಕೊಡುವ ಪುಡಿ ತಿಂದರೆ ಸೂಜಿ ಪೂರ್ತಿ ಬಿಡಬಹುದಂತೆ. ಮೊದಲ ದಿನದಿಂದಲೇ ಬಿಡಬೇಕಂತೆ.

"ಸೋಮವಾರ ಕರ್ಕೊಂಡ್ ಹೋಗೂದು ಅಂತ ನಮ್ಮತ್ತಿ ಕುಂತಾಳ್ರಿ. ಸೂಜಿ ಚುಚ್ಚಿಸ್ಕೊಳ್ಳೂ ಹುಡುಗೀನ ನಾಳೆ ಯಾರ ಮಾಡ್ಕೋತಾರ ಅಂತಾಳ. ನಮ್ಮನಿಯವ್ರೂ ಹೂಂ ಅಂದಾರ."

"ಸೂಜಿ ಬಿಟ್ರ ವಾರಾ ಬದುಕೂದಿಲ್ಲ ಬನಶಂಕ್ರಿ. ಡಾಕ್ಟ್ರು ನಿನ್ನ ಮುಂದ ಹೇಳ್ಯಾರ."

"ನನಗ ಗೊತ್ತೈತ್ರಿ. ಆದ್ರ ಏನೂ ಮಾಡವಲ್ಲಿ, ಸುಮ್ಮ ಕುಂತೀ ಅಂತಾರ. ಏನರ ಒಂದ್ ಮಾಡಬೇಕಲ್ರಿ ತಾಯಿ ಆದಾಕಿ?"

ಮಾರ್ಥಾ ಯೋಚಿಸಿದಳು. ಪುಡಿಯಲ್ಲಿ ಏನಿದೆಯೋ ಯಾರಿಗೆ ಗೊತ್ತು? ಈ ಹೆಣ್ಣುಮಗಳ ಕೈಗೆ ಹಿಡಿದುಕೊಳ್ಳಲು ಏನಾದರೂ ಕೊಡಬೇಕು, ಅದು ಅಪಾಯವಿಲ್ಲದ್ದಾಗಿರಬೇಕು. ಪ್ರಾರ್ಥನೆಯಿಂದ ಯಾರಿಗೂ ಕೆಟ್ಟದಾಗುವುದಿಲ್ಲ. ಹೀಗೆ ಅವಳು ಒಂದು ಔಷಧಿಯ ಬದಲು ಇನ್ನೊಂದನ್ನು ಆರಿಸುವವಳ ಹಾಗೆ ಅಳೆದು ನೋಡಿ ಹೇಳಿದಳು.

"ನಾಳೆ ಶುಕ್ರವಾರ. ನಾ ವೈಶಾಲಿ ಹೆಸರಿಲೆ ಉಪಾಸ ಇದ್ದು ಪ್ರಾರ್ಥನಾ ಮಾಡ್ತೇನಿ. ಸೂಜಿ ಮಾತ್ರ ಬಿಡೂದು ಬ್ಯಾಡ. ದೇವರು ಸೂಜೀ ಮೂಲಕಾನೂ ಕಾಯ್ತಾನ."

ಬನಶಂಕರಿಯ ಮುಖ ಬಿಚ್ಚಿಕೊಂಡಿತು. "ನಾನೂ ಇರ್ಲೇನ್ರಿ ಉಪಾಸ?"

"ಮನಸ್ಸಿದ್ರ ಇರು."

ವಿಷಯ ಅಲ್ಲಿಗೆ ಮುಗಿಯಿತು ಎಂದು ಮಾರ್ಥಾ ತಿಳಿದಳು. ಆದರೆ ಬನಶಂಕರಿ ಬೆಳೆದ ಮನೆಯಲ್ಲಿ ಉಪವಾಸದ ಲೆಕ್ಕ ಬೇರೆಯಿತ್ತು. ಯಾರ ಸಲುವಾಗಿ ದೇವರನ್ನು ಬೇಡುತ್ತೀರೋ ಅವರು ಮೊದಲು ಬಾಯಿ ಕಟ್ಟಬೇಕು. ಅವಳ ಅಣ್ಣನಿಗೆ ಕಾಮಾಲೆ ಆದಾಗ ಅಣ್ಣನೇ ಐದು ಸೋಮವಾರ ಒಪ್ಪತ್ತು ಇದ್ದ. ನೋವು ಒಬ್ಬರದು, ಉಪವಾಸ ಇನ್ನೊಬ್ಬರದು ಎಂಬುದು ಅವರಲ್ಲಿ ಅರ್ಧ ಹರಕೆ. ದೇವರು ಅದನ್ನು ಎಣಿಸುವುದಿಲ್ಲ. ಪರರ ಮಗುವಿಗಾಗಿ ಶಿಕ್ಷಕಿಯೊಬ್ಬಳು ಹಸಿದಿರುವಾಗ ಆ ಮಗುವೇ ಉಂಡು ಕೂತರೆ ಹೇಗೆ? ಸೂಜಿ ಬಿಡಬೇಡ ಎಂದಿದ್ದರು, ಬಿಡುವುದಿಲ್ಲ. ಉಪವಾಸ ಇರು ಎಂದಿದ್ದರು, ತಾನೂ ಇರುತ್ತಾಳೆ, ಮಗಳನ್ನೂ ಇರಿಸುತ್ತಾಳೆ. ಎರಡು ಮಾತನ್ನೂ ಅವಳು ಚಾಚೂ ತಪ್ಪದೆ ಪಾಲಿಸಿದಳು.

ಶುಕ್ರವಾರ ಬೆಳಿಗ್ಗೆ ವೈಶಾಲಿ ಬಂದಾಗ ಮಾರ್ಥಾಳ ಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ಗಂಡ ಜಯವಂತ ನೂಲಿಗೆ ಗಂಜಿ ಹಾಕುವ ಸೈಜಿಂಗ್ ಘಟಕದಲ್ಲಿ ಮೇಸ್ತ್ರಿ. ಅಂದು ಅವನು ಚಹಾ ಕೂಡ ಹೊರಗೆ ಕುಡಿಯಲು ಹೋಗಿದ್ದ. ಮಾರ್ಥಾ ಡೋಸು ತೆಗೆದು, ಗಾಳಿಯ ಗುಳ್ಳೆ ಇಲ್ಲವೆಂದು ಬೆಳಕಿಗೆ ಹಿಡಿದು ನೋಡಿ, ಸೂಜಿ ಮಾಡಿದಳು. ಹುಡುಗಿ ಲಂಗ ಸರಿಪಡಿಸಿಕೊಂಡು ಎದ್ದು ನಿಂತಿತು. ಕೈಯಲ್ಲಿ ಡಬ್ಬಿ ಇರಲಿಲ್ಲ.

"ಇವತ್ತ ಮನ್ಯಾಗ ಉಣ್ಣೂದೈತ್ರಿ," ಎಂದಿತು. ಹಾಗೆಂದು ಹೇಳಲು ತಾಯಿ ಕಲಿಸಿದ್ದಳು. ಬೇರೆ ದೇವರ ಹೆಸರಿನ ಉಪವಾಸದ ಸುದ್ದಿ ಮನೆಯಲ್ಲಿ ಅತ್ತೆಗೂ ಹೊರಗೆ ಯಾರಿಗೂ ತಿಳಿಯಬಾರದಿತ್ತು.

ಮಾರ್ಥಾ ಒಂದು ಕ್ಷಣ ತಡೆದಳು. ಬೇರೆ ದಿನವಾಗಿದ್ದರೆ ಎದುರುಮನೆಗೆ ಹೋಗಿ ಡಬ್ಬಿ ತರಿಸುತ್ತಿದ್ದಳು. ಆದರೆ ಹಿಂದಿನ ರಾತ್ರಿಯಿಂದ ಅವಳು ಏನೂ ತಿಂದಿರಲಿಲ್ಲ. ಬಿಸಿ ರೊಟ್ಟಿ, ಶೇಂಗಾ ಚಟ್ನಿಯ ವಾಸನೆ ಅಡುಗೆಮನೆಯಲ್ಲಿ ಹರಡಿದರೆ ಮನಸ್ಸು ಪ್ರಾರ್ಥನೆಯಲ್ಲಿ ನಿಲ್ಲುವುದಿಲ್ಲ ಎಂದು ಅನ್ನಿಸಿತು. ಹುಡುಗಿ ಮನೆಯಲ್ಲಿ ಉಣ್ಣುವುದು ಒಳ್ಳೆಯದೇ ಆಯಿತು ಎಂದುಕೊಂಡಳು.

"ಆತು ಹೋಗವ್ವಾ, ಲಗೂನ ಉಣ್ಣು."

ಹುಡುಗಿ ತಲೆಯಾಡಿಸಿ ಹೋಯಿತು. ಮಾರ್ಥಾ ಬಾಗಿಲು ಹಾಕಿಕೊಂಡು ಮೊಣಕಾಲೂರಿ, ಅದೇ ಹುಡುಗಿಯ ಹೆಸರು ಹಿಡಿದು, ಅದೇ ಹುಡುಗಿಯ ಆಯುಷ್ಯಕ್ಕಾಗಿ ದೇವರನ್ನು ಬೇಡಿದಳು.

ವೈಶಾಲಿ ಶಾಲೆಯಲ್ಲಿ ಮೊದಲ ತಾಸು ಮುಗಿಯುವ ಮುನ್ನ ಬೆಂಚಿನ ಮೇಲೆ ಒರಗಿದಳು. ಮೈ ಬೆವತು ಅಂಗಿ ಒದ್ದೆಯಾಗಿತ್ತು. ಆಮೇಲೆ ಕೈಕಾಲು ಸೆಟೆದು ನಡುಗತೊಡಗಿದವು. ಶಾಲೆಯವರು ಫಿಟ್ಸ್ ಎಂದು ಕೈಯಲ್ಲಿ ಕೀಲಿಕೈ ಹಿಡಿಸಿದರು, ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿದರು. ಅಡುಗೆಯ ಹೆಣ್ಣುಮಗಳೊಬ್ಬಳು ಸಕ್ಕರೆ ನೀರು ಕಲಸಿ ತಂದಳು. ಹುಡುಗಿಗೆ ಸಕ್ಕರೆ ಕಾಯಿಲೆ ಇದೆ, ಸಿಹಿ ಮುಟ್ಟಿಸಬೇಡಿ ಎಂದು ಅವಳನ್ನು ತಡೆದರು. ತಡೆದವರದು ಕೆಟ್ಟ ಉದ್ದೇಶವಲ್ಲ. ಅವರು ಕೇಳಿ ತಿಳಿದದ್ದು ಅಷ್ಟೇ. ಚನಮಲ್ಲಪ್ಪನನ್ನು ಕರೆಸಿ, ವಾಹನ ಹುಡುಕಿ, ಜಮಖಂಡಿ ಮುಟ್ಟುವುದರಲ್ಲಿ ಬಹಳ ಹೊತ್ತು ಸರಿದುಹೋಗಿತ್ತು.

ಮಾರ್ಥಾಳಿಗೆ ಸುದ್ದಿ ಮುಟ್ಟಿದ್ದು ಹತ್ತನೆಯ ತರಗತಿಯ ಪಾಠದ ನಡುವೆ. ಅವಳು ಸೀಮೆಸುಣ್ಣ ಕೆಳಗಿಟ್ಟು, ಕೈ ಒರೆಸಿಕೊಳ್ಳದೆ ಬಸ್ಸು ಹತ್ತಿದಳು. ಬೆರಳು ಚುಚ್ಚಿ ನೋಡಿದಾಗ ಸಕ್ಕರೆ ಅಳೆಯುವ ಯಂತ್ರ ಅಂಕಿ ತೋರಿಸಲೇ ಇಲ್ಲವಂತೆ, ಅಷ್ಟು ಕೆಳಗೆ ಇಳಿದಿತ್ತು ಎಂದು ಆಸ್ಪತ್ರೆಯಲ್ಲಿ ತಿಳಿಯಿತು. ಹುಡುಗಿಯ ತೋಳಿಗೆ ಗ್ಲೂಕೋಸ್ ಹಚ್ಚಿದ್ದರು. ಕಣ್ಣು ಅರೆತೆರೆದಿದ್ದವು, ಆದರೆ ಯಾವುದನ್ನೂ ನೋಡುತ್ತಿರಲಿಲ್ಲ.

ಹಾಸಿಗೆಯ ಬಳಿ ಡಾಕ್ಟರು ಬನಶಂಕರಿಯನ್ನು ವಿಚಾರಿಸುತ್ತಿದ್ದರು. "ಇಂಜೆಕ್ಷನ್ ಆದ ಮ್ಯಾಲೆ ಊಟ ಆಗಿತ್ತಾ?"

"ಇಲ್ಲರಿ."

"ಯಾಕ?"

"ಕೆಲಸದಾಗ ಮರತನ್ರಿ. ಕಂಡಿಕಿ ಸುತ್ತಾಕ ಕುಂತಿದ್ದೆ."

ಬಾಗಿಲ ಬಳಿ ನಿಂತಿದ್ದ ಭಾಗವ್ವ ಹಣೆ ಚಚ್ಚಿಕೊಂಡಳು. "ಮರತಾಳಂತ! ಕೇಳ್ರಿ! ಮರಿಯಾಕ ಅದೇನು ಒಲಿ ಮ್ಯಾಗಿನ ಹಾಲೇನಬೇ?"

ಮಾರ್ಥಾಳಿಗೆ ಅದು ಸುಳ್ಳು ಎಂದು ತಕ್ಷಣ ಅನ್ನಿಸಿತು. ಮಗಳ ಊಟ ಮರೆಯುವ ಹೆಂಗಸಲ್ಲ ಬನಶಂಕರಿ. ನೀರಿನ ನಲ್ಲಿಯ ಬಳಿ ಒಬ್ಬಳೇ ಸಿಕ್ಕಾಗ ಕೇಳಿದಳು. ಆಗ ಬನಶಂಕರಿ ತಗ್ಗಿದ ದನಿಯಲ್ಲಿ ಎಲ್ಲವನ್ನೂ ಹೇಳಿದಳು: ಅಣ್ಣನ ಸೋಮವಾರಗಳು, ಅರ್ಧ ಹರಕೆ, ಮಗಳಿಗೆ ಕಲಿಸಿದ ಮಾತು. ಮುಗಿಸಿ ಮಾರ್ಥಾಳ ಕೈ ಹಿಡಿದುಕೊಂಡಳು. ಇಬ್ಬರೂ ಇನ್ನೂ ಏನೂ ತಿಂದಿರಲಿಲ್ಲ.

"ನೀವು ಸುಮ್ಮ ಇರ್ರಿ ಅಕ್ಕಾವ್ರ. ಉಪಾಸದ್ದು ಬಾಯಿ ಬಿಡಬ್ಯಾಡ್ರಿ. ಗೊತ್ತಾದ್ರ ನಿಮ್ಮನಿ ಹೊಸ್ತಲಾ ತುಳ್ಯಾಕ ಬಿಡೂದಿಲ್ಲ. ಆಮ್ಯಾಗ ನನ್ನ ಮಗಳಿಗೆ ಸೂಜಿ ಯಾರು ಮಾಡ್ತಾರ?"

"ತಪ್ಪು ನಿಂದೊಬ್ಬಾಕೀದಲ್ಲ. ನಾ ಆಕೀನ ಉಣ್ಣಿಸದ ಕಳಿಸೀನಿ."

"ನಿಮ್ದು ಏನೂ ಇಲ್ರಿ. ನಾನ ಮರತೇನಿ. ಹಂಗ ಇರ್ಲಿ."

ವೈಶಾಲಿಗೆ ಪ್ರಜ್ಞೆ ಬಂದದ್ದು ಮರುದಿನವೂ ಅಲ್ಲ, ಅದರ ಮರುದಿನ. ಬಂದ ಮೇಲೆ ತಿಳಿಯಿತು, ಬಂದದ್ದು ಪೂರ್ತಿ ಹುಡುಗಿಯಲ್ಲ. ಬಲಗೈ ಮುಷ್ಟಿ ಬಿಚ್ಚುತ್ತಿರಲಿಲ್ಲ. ಬಾಯಿಂದ ಮಾತಿನ ಬದಲು ಒಂದೇ ಸ್ವರ ಹೊರಡುತ್ತಿತ್ತು. ಮಿದುಳಿಗೆ ಬಹಳ ಹೊತ್ತು ಸಕ್ಕರೆ ಸಿಗದಿದ್ದರೆ ಹೀಗಾಗುತ್ತದೆ, ಎಷ್ಟು ಮರಳಿ ಬರುತ್ತದೋ ಹೇಳಲಾಗದು ಎಂದು ಡಾಕ್ಟರು ಹೇಳಿದರು. ಮಾರ್ಥಾಳಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮಿದುಳು ಸಕ್ಕರೆಯನ್ನು ಕೂಡಿಟ್ಟುಕೊಳ್ಳಲಾರದು ಎಂದು ಅವಳೇ ಪ್ರತಿ ವರ್ಷ ಮಕ್ಕಳಿಗೆ ಪಾಠ ಮಾಡುತ್ತಿದ್ದಳು.

ಹುಡುಗಿ ಮನೆಗೆ ಬಂದಳು. ಬೆಳಿಗ್ಗೆ ಸಂಜೆ ಸೂಜಿ ಮತ್ತೆ ಶುರುವಾಯಿತು. ಈಗ ಬನಶಂಕರಿ ಮಗಳನ್ನು ಎತ್ತಿಕೊಂಡು ತರುತ್ತಿದ್ದಳು. ಅವಳು ಸೊಂಟದ ಮೇಲೆ ಆ ಭಾರ ಹೊತ್ತು ರಸ್ತೆ ದಾಟುವಾಗ ಓಣಿಯ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಅವಳು ದಾಟಿದ ಮೇಲೆ ಮತ್ತೆ ಶುರುಮಾಡುತ್ತಿದ್ದರು. ಉಣ್ಣಿಸುವುದನ್ನು ಮರೆತು ಮಗಳನ್ನು ಕೆಡಿಸಿದವಳು ಎಂಬ ಹೆಸರು ಅವಳಿಗೆ ಅಂಟಿಕೊಂಡಿತು. ಭಾಗವ್ವ ಅವಳ ಕೈಯ ನೀರು ಕುಡಿಯುವುದನ್ನು ಬಿಟ್ಟಳು. ಅವಳನ್ನು ತವರಿಗೆ ಕಳಿಸಬೇಕು, ಹುಡುಗಿಯನ್ನು ಇಟ್ಟುಕೊಳ್ಳಬೇಕು ಎಂಬ ಮಾತು ಹುಟ್ಟಿತು. ತವರು ಅನಗವಾಡಿ. ಅಲ್ಲಿದ್ದ ಅವಳ ಅಣ್ಣ ಮಹಾಲಿಂಗಪ್ಪನಿಗೆ ಹೇಳಿಕಳಿಸಿದರು.

ಮಾರ್ಥಾ ಗಂಡನಿಗೆ ಎಲ್ಲವನ್ನೂ ಹೇಳಿದ್ದಳು. ಮಹಾಲಿಂಗಪ್ಪ ಬರುವ ದಿನ ಬೆಳಿಗ್ಗೆ ಮತ್ತೆ ಅದೇ ಮಾತು ಬಂತು.

"ಖರೆ ಹೇಳೂದು ಛಲೋ," ಎಂದ ಜಯವಂತ, ಬೂಟಿನ ದಾರ ಕಟ್ಟುತ್ತ. "ಯಾರಿಗಿ ಛಲೋ ಅನ್ನೂದನ್ನೂ ನೋಡು. ನಮ್ಮವು ಐದ ಮನಿ. ನಾಳೆ ಯಾರರ ನಾಕ ಮಂದಿ ಬಂದು, ಇವರು ಹುಡುಗ್ರಿಗಿ ಉಪಾಸ ಹಚ್ಚಿ ಜಾತಿ ಕೆಡಸಾಕತ್ತಾರ ಅಂದ್ರ ಏನ್ ಹೇಳ್ತಿ?"

"ಆಕಿ ನನ್ನ ಸಲುವಾಗಿ ಸುಳ್ಳು ಹೊತ್ಕೊಂಡು ನಿಂತಾಳ್ರಿ."

"ನಿನ್ನ ಸಲುವಾಗಿ ಅಲ್ಲ. ಮಗಳ ಸಲುವಾಗಿ. ಆಕೀ ಲೆಕ್ಕಾ ನಿನಗಿಂತ ಸರಿ ಐತಿ."

"ಇವತ್ತ ಆಕೀನ ಮನೀ ಬಿಡಿಸಿ ಕಳಸ್ತಾರ. ಮಗಳಿಂದ ದೂರ ಮಾಡ್ತಾರ. ಅದನ್ನ ಕಿಟಕ್ಯಾಗ ನಿಂತು ನೋಡಿ, ಸಂಜೀಕ ಆ ಕೂಸಿಗೆ ನಾ ಹೆಂಗ ಸೂಜಿ ಮಾಡ್ಲಿ?"

ಜಯವಂತ ಎದ್ದ. ಬಾಗಿಲಲ್ಲಿ ನಿಂತು, "ನಾ ಬ್ಯಾಡ ಅನ್ನೂದಿಲ್ಲ. ಆದ್ರ ಹೇಳಿದ ಮ್ಯಾಗ ಎಲ್ಲಾ ಸರಿ ಆಕ್ಕೈತಿ ಅಂತ ತಿಳಕೊಂಡು ಹೋಗಬ್ಯಾಡ," ಎಂದು ಹೇಳಿ ಕೆಲಸಕ್ಕೆ ಹೋದ.

ಮಧ್ಯಾಹ್ನ ಅವಳು ಶಾಲೆಗೆ ರಜೆ ಹಾಕಿ ಎದುರುಮನೆಗೆ ಹೋದಳು. ಮಗ್ಗ ನಿಲ್ಲಿಸಿದ್ದರು. ಆ ಮನೆಯಲ್ಲಿ ಮನುಷ್ಯರ ಉಸಿರು ಕೇಳುವಷ್ಟು ಮೌನವನ್ನು ಅವಳು ಹಿಂದೆ ಕಂಡಿರಲಿಲ್ಲ. ಚನಮಲ್ಲಪ್ಪ ಮಗ್ಗದ ಮಂಚಕ್ಕೆ ಒರಗಿ ಕೂತಿದ್ದ. ಮಹಾಲಿಂಗಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡು ಚಾಪೆಯ ಅಂಚಿನಲ್ಲಿದ್ದ. ಬನಶಂಕರಿ ಒಳಬಾಗಿಲಲ್ಲಿ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡಿದ್ದಳು. ಮಾರ್ಥಾಳನ್ನು ಕಂಡ ಕೂಡಲೇ ಅವಳು ಬೇಡ ಎನ್ನುವಂತೆ ತಲೆ ಅಲ್ಲಾಡಿಸಿದಳು.

"ಬರ್ರಿ ಅಕ್ಕಾವ್ರ, ನೀವ ಹೇಳ್ರಿ," ಎಂದಳು ಭಾಗವ್ವ. "ಕೂಸಿಗೆ ಹೊಟ್ಟಿಗಿ ಹಾಕದಾಕಿ ಎಂಥಾ ತಾಯಿ?"

ಮಹಾಲಿಂಗಪ್ಪ ತಂಗಿಯ ಪರ ನಿಂತ. "ಅತ್ಯಾರ, ಮನಿಶಾಳು. ಮರತಾಳ. ನೀವು ಏನೂ ಮರತೇ ಇಲ್ಲೇನು ಜೀವಮಾನದಾಗ?"

"ಆಕಿ ಮರತಿಲ್ಲ," ಎಂದಳು ಮಾರ್ಥಾ.

ಎಲ್ಲರೂ ಅವಳತ್ತ ನೋಡಿದರು. ಅವಳು ನಿಂತೇ ಹೇಳಿದಳು. ಗುರುವಾರದ ಮಾತು, ಶುಕ್ರವಾರದ ಉಪವಾಸ, ಅದನ್ನು ಬನಶಂಕರಿ ಅರ್ಥಮಾಡಿಕೊಂಡ ರೀತಿ. ತನ್ನ ಪಾಲಿನದನ್ನು ಅವಳು ಇನ್ನೂ ಬಿಡಿಸಿ ಹೇಳಿದಳು: ದಿನಾಲು ಉಣ್ಣಿಸಿ ಕಳಿಸುವವಳು ಅಂದು ಉಣ್ಣಿಸದೆ ಕಳಿಸಿದೆ. ನನಗೆ ಊಟದ ವಾಸನೆ ಬೇಡವಾಗಿತ್ತು. ಬನಶಂಕರಿಗೆ ಈ ಔಷಧಿಯ ಗುಣ ಪೂರ್ತಿ ತಿಳಿದಿರಲಿಲ್ಲ, ನನಗೆ ತಿಳಿದಿತ್ತು. ಸಿಟ್ಟು ಮಾಡುವುದಿದ್ದರೆ ನನ್ನ ಮೇಲೆ ಮಾಡಿರಿ.

ಹೇಳಿ ಮುಗಿದ ಮೇಲೆ, ಇನ್ನು ಬೈಗುಳ ಬರುತ್ತದೆ, ಅದನ್ನು ಹೊರಬಹುದು ಎಂದು ಅವಳು ಕಾದಳು. ಬೈಗುಳ ಬರಲಿಲ್ಲ. ಚನಮಲ್ಲಪ್ಪ ಹೆಂಡತಿಯ ಕಡೆಗೆ ತಿರುಗಿದ.

"ಅಂದ್ರ ಮರತಿದ್ದಿಲ್ಲ ನೀ."

ಬನಶಂಕರಿ ಮಗಳ ಮುಷ್ಟಿಯನ್ನು ಸೆರಗಿನಿಂದ ಮುಚ್ಚಿದಳು.

"ಗೊತ್ತಿದ್ದು ಗೊತ್ತಿದ್ದು ಕೂಸಿಗೆ ಉಪಾಸ ಹಚ್ಚಿದಿ. ನನಗ ಒಂದ್ ಮಾತು ಹೇಳಲಿಲ್ಲ. ಸುಳ್ಳು ಹೇಳಾಕ ಕೂಸಿಗೂ ಕಲಿಸಿದಿ." ಅವನ ದನಿ ಏರಲಿಲ್ಲ. ಅವನು ಮಾರ್ಥಾಳಿಗೆ ಹೇಳಿದ, "ಮರತಿದ್ರ ಮಾಫಿ ಮಾಡ್ತಿದ್ದೆ ಅಕ್ಕಾವ್ರ. ನಮ್ಮವ್ವನ ಸಮಾಧಾನಕ್ಕ ಸ್ವಲ್ಪ ದಿನ ಕಳಿಸಿ, ನಾನ ಹೋಗಿ ಕರ್ಕೊಂಡ್ ಬರಾಂವ ಇದ್ದೆ. ಇವ್ರನ್ನ ಕೇಳ್ರಿ."

ಮಹಾಲಿಂಗಪ್ಪ ನೆಲ ನೋಡಿದ. ಹೌದು, ಹಾಗೆಂದು ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದರು.

"ಇನ್ನ ಹೆಂಗ ಕರ್ಕೊಂಡ್ ಬರ್ಲಿ? ಆಕಿ ಕೊಟ್ಟ ತಾಟಿಗಿ ಕೈ ಹಚ್ಚಾಕ ಆಕ್ಕೈತೇನು ನನಗ?"

ಆಗ ಭಾಗವ್ವ ಬಾಯಿ ತೆರೆದಳು. ತನ್ನ ದೇವರಿಗೆ ಕೈ ಮುಗಿಯಲು ಬೇಜಾರಾಗಿ ಎದುರುಮನೆಯ ದೇವರನ್ನು ಹುಡುಕಿಕೊಂಡು ಹೋದವಳು ಎಂದು ಸೊಸೆಗೆ ಅಂದಳು. ಮಾರ್ಥಾಳಿಗೆ ಅಂದದ್ದು ಒಂದೇ ಮಾತು. "ನೀವು ಕಲತಾವ್ರು. ನಿಮ್ಮನ್ನ ನಂಬಿ ಕೂಸಿನ ಕೊಟ್ಟಿದ್ದಿವಿ." ಆಮೇಲೆ ಮಹಾಲಿಂಗಪ್ಪನಿಗೆ ಹೇಳಿದಳು, "ಇಬ್ಬರನ್ನೂ ಒಯ್ಯಪಾ. ಆ ಮನಿಗಿ ಇನ್ನ ಕೂಸಿನ ಕಳಸೂದಿಲ್ಲ. ಇಲ್ಲೆ ಇದ್ರ ಸೂಜಿ ಮಾಡಾವ್ರು ಯಾರದಾರ?"

ಹೀಗೆ ತಾಯಿಯಿಂದ ಮಗಳು ದೂರವಾಗಲಿಲ್ಲ. ಆ ಮಧ್ಯಾಹ್ನ ಉಳಿದದ್ದು ಅಷ್ಟೇ.

ಬನಶಂಕರಿ ಬಟ್ಟೆ ಗಂಟು ಕಟ್ಟುವಾಗ ಮಾರ್ಥಾ ಸಹಾಯ ಮಾಡಲು ಬಾಗಿದಳು. ಬನಶಂಕರಿ ಗಂಟನ್ನು ತನ್ನ ಕಡೆಗೆ ಎಳೆದುಕೊಂಡಳು.

"ನಿಮ್ಮ ಮನಸು ಹಗುರಾತೇನ್ರಿ, ಅಕ್ಕಾವ್ರ?"

ಕೇಳಿದ್ದು ಸಿಟ್ಟಿನಿಂದಲ್ಲ. ಜ್ವರ ಇಳಿಯಿತೇ ಎಂದು ಕೇಳುವವರ ಹಾಗೆ ಕೇಳಿದಳು. ಮಾರ್ಥಾ ಇಲ್ಲ ಎಂದಳು. ಅದು ನಿಜವೂ ಆಗಿತ್ತು.

ಜಯವಂತ ಅಂಜಿದಂತೆ ನಾಲ್ಕು ಮಂದಿ ಬರಲಿಲ್ಲ. ಅವರ ಬಾಡಿಗೆ ಮನೆಯ ಮಾಲೀಕರು ಮಾತ್ರ, ಶುಕ್ರವಾರದ ಕಾರ್ಯಕ್ರಮ ಬೇರೆ ಕಡೆ ಇಟ್ಟುಕೊಂಡರೆ ಒಳ್ಳೆಯದು ಎಂದು ಸೌಮ್ಯವಾಗಿ ಹೇಳಿಕಳಿಸಿದರು. ಪ್ರಾರ್ಥನೆ ರಬಕವಿಯ ಒಬ್ಬ ನಿವೃತ್ತ ಕಂಪೌಂಡರರ ಮನೆಗೆ ಹೋಯಿತು. ಎದುರುಮನೆಯ ಮಗ್ಗಗಳು ಮತ್ತೆ ನಡೆದವು. ಕಂಡಿಕೆ ಸುತ್ತಲು ಈಗ ಭಾಗವ್ವ ಕೂಡುತ್ತಿದ್ದಳು.

ಒಂದು ಭಾನುವಾರ ಆರಾಧನೆ ಮುಗಿಸಿಕೊಂಡು ಮಾರ್ಥಾ ಜಮಖಂಡಿ, ಬೀಳಗಿ ದಾಟಿ ಅನಗವಾಡಿಗೆ ಹೋದಳು. ಮಂಜುಗಡ್ಡೆಯ ಪೊಟ್ಟಣದ ನಡುವೆ ಹೊಸ ಇನ್ಸುಲಿನ್ ಬಾಟಲಿಗಳನ್ನು ಇಟ್ಟುಕೊಂಡಿದ್ದಳು. ಮಹಾಲಿಂಗಪ್ಪನ ಮನೆ ಊರ ಅಂಚಿನಲ್ಲಿ, ಕಬ್ಬಿನ ತೋಟಕ್ಕೆ ಅಂಟಿಕೊಂಡಿತ್ತು. ಬನಶಂಕರಿ ಹೊರಗೇ ಬಂದಳು. ಒಳಗೆ ಬನ್ನಿ ಎನ್ನಲಿಲ್ಲ, ಹೋಗಿ ಎಂದೂ ಹೇಳಲಿಲ್ಲ.

"ಸೂಜಿ ಯಾರು ಮಾಡ್ತಾರ?"

"ನಾನ. ನರ್ಸಬಾಯಿ ಕಲಿಸ್ಯಾರ."

ಕಟ್ಟೆಯ ಮೇಲೆ ದಿಂಬಿಗೆ ಒರಗಿಸಿ ಕೂರಿಸಿದ್ದ ವೈಶಾಲಿ ಮಾರ್ಥಾಳನ್ನು ನೋಡಿ ನಕ್ಕಳು. ಬಾಯಿಯ ಒಂದು ಬದಿ ಮಾತ್ರ ಮೇಲೆ ಹೋಯಿತು. ಮಾರ್ಥಾ ಕಟ್ಟೆಯ ಕಡೆಗೆ ಬಾಗಿದಳು. "ಗುರ್ತ ಹಿಡಿದಾಳ!"

"ಇಲ್ರಿ. ಈಗ ಎಲ್ಲಾರ್ಗೂ ನಗ್ತಾಳ. ನಾಯಿ ಬಂದ್ರೂ ನಗ್ತಾಳ."

ಬಾಟಲಿಗಳನ್ನು ಬನಶಂಕರಿ ತೆಗೆದುಕೊಳ್ಳಲಿಲ್ಲ. ಸರಕಾರಿ ದವಾಖಾನೆಯಲ್ಲಿ ಸಿಗುತ್ತವೆ, ಬೇರೆ ಯಾರಿಗಾದರೂ ಕೊಡಿ ಎಂದಳು. ಮಾರ್ಥಾ ಅವನ್ನು ಮತ್ತೆ ಮಂಜುಗಡ್ಡೆಯ ನಡುವೆ ಇಟ್ಟುಕೊಂಡಳು. ಹೊರಡುವಾಗ, ಇಷ್ಟು ವರ್ಷಗಳ ರೂಢಿಯಿಂದ ತಾನಾಗಿಯೇ ಬಾಯಿಗೆ ಬಂತು. "ಪ್ರಾರ್ಥನಾ ಮಾಡ್ತೇನಿ."

"ಬ್ಯಾಡ್ರಿ." ಬನಶಂಕರಿ ಒಂದು ಹೆಜ್ಜೆ ಮುಂದೆ ಬಂದಿದ್ದಳು. ಅಂದು ಅವಳ ಮುಖದಲ್ಲಿ ಮೊದಲ ಬಾರಿಗೆ ಏನೋ ಕದಲಿತು. "ಕೈ ಮುಗೀತೇನ್ರಿ. ನಮ್ಮ ಹೆಸರ ಹಿಡದು ನಿಮ್ಮ ದೇವರ ಮುಂದ ಏನೂ ಕೇಳಬ್ಯಾಡ್ರಿ. ನಾನೂ ಯಾರಿಗೂ ಏನೂ ಕೇಳೂದು ಬಿಟ್ಟೇನಿ. ಇದ್ದದ್ದು ಇದ್ದಂಗ ಇರ್ಲಿ. ಕೇಳಿದ್ರ ನನಗ ಅಂಜಿಕಿ ಬರ್ತೈತಿ."

ಮಾರ್ಥಾ ಆಗಲಿ ಎಂದಳು.

ಬಸ್ಸಿನಲ್ಲಿ ಅವಳು ಆ ಮಾತನ್ನು ತೂಗಿ ನೋಡಿದಳು. ಪ್ರಾರ್ಥನೆ ತನ್ನ ಮತ್ತು ದೇವರ ನಡುವಿನದು, ಬನಶಂಕರಿಗೆ ತಿಳಿಯುವುದೂ ಇಲ್ಲ, ಅವಳ ಒಪ್ಪಿಗೆ ಬೇಕಿಲ್ಲ ಎಂದು ಒಂದು ಮನಸ್ಸು ಹೇಳಿತು. ಎದುರುಮನೆಯಲ್ಲಿ ಎಲ್ಲವನ್ನೂ ಹೇಳಿಬಿಟ್ಟ ಮಧ್ಯಾಹ್ನವೂ ಅವಳು ಬನಶಂಕರಿಯ ಒಪ್ಪಿಗೆ ಕೇಳಿರಲಿಲ್ಲ. ಬೀಳಗಿಯವರೆಗೆ ಕೈಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಂಡು, ಹೊರಗಿನ ಜೋಳದ ಹೊಲಗಳನ್ನು ನೋಡುತ್ತ ಕೂತಳು. ಎರಡು ಸಲ ಆ ಹುಡುಗಿಯ ಹೆಸರು ತುಟಿಯವರೆಗೆ ಬಂತು. ಎರಡು ಸಲವೂ ಅವಳು ಅದನ್ನು ಅಲ್ಲೇ ತಡೆದಳು.

ಆ ಶುಕ್ರವಾರ ರಬಕವಿಯ ಮನೆಯಲ್ಲಿ ಹಾಡು ಮುಗಿದ ಮೇಲೆ ಸಭಾಪಾಲಕರು ಯಾರಿಗಾಗಿ ಪ್ರಾರ್ಥಿಸಬೇಕೆಂದು ವಿಜ್ಞಾಪನೆಗಳನ್ನು ಕೇಳಿದರು. ಯಾರದೋ ಮಗನ ಪರೀಕ್ಷೆ, ಯಾರದೋ ಕೋರ್ಟಿನ ದಿನ. ಆಮೇಲೆ ಅವರೇ ನೆನಪಿಸಿಕೊಂಡು, "ಅನಗವಾಡಿಯಲ್ಲಿರೋ ಆ ಮಗುವನ್ನು, ಅದರ ತಾಯಿಯನ್ನು ದೇವರ ಕೈಗೆ ಒಪ್ಪಿಸೋಣ," ಎಂದರು. ಎಲ್ಲರೂ ಕಣ್ಣು ಮುಚ್ಚಿದರು.

"ಬ್ಯಾಡ್ರಿ ಪಾಸ್ಟರ್," ಎಂದಳು ಮಾರ್ಥಾ.

ಕಣ್ಣುಗಳು ತೆರೆದವು.

"ಅವರು ಬ್ಯಾಡ ಅಂದಾರ್ರಿ. ನಾ ಆತು ಅಂತ ಹೇಳಿ ಬಂದೇನಿ."

ಮನೆಯೊಡೆಯರಾದ ಕಂಪೌಂಡರರು ಕನ್ನಡಕ ತೆಗೆದರು. "ಇದೇನವ್ವಾ ಮಾತು? ಪ್ರಾರ್ಥನಾ ಬ್ಯಾಡ ಅನ್ನೂದು ಎಂಥಾ ವಿಶ್ವಾಸ? ಅವ್ರಿಗಿ ತಿಳೀವಲ್ದು, ನಿನಗೂ ತಿಳೀವಲ್ದೇನು?"

 ಪಕ್ಕದಲ್ಲಿದ್ದ ಜಯವಂತ ಮಾರ್ಥಾಳ ಕಡೆಗೆ ನೋಡಿದ, ಆಮೇಲೆ ಚಾಪೆಯ ಕಡೆಗೆ.  ಕೊನೆಗೆ ಸಭಾಪಾಲಕರು ಮುಧೋಳದಲ್ಲಿ ಕಾಲು ಮುರಿದುಕೊಂಡು ಮಲಗಿದ್ದ ಒಬ್ಬ ಹಿರಿಯರ ಹೆಸರು ತೆಗೆದುಕೊಂಡರು. ಆ ಹಿರಿಯರಿಗಾಗಿ ಎಲ್ಲರೂ ತಲೆ ಬಾಗಿಸಿದರು. ಮಾರ್ಥಾಳೂ ಬಾಗಿಸಿದಳು.